ಎಣ್ಣೆಯೊಳಗಣ ಜಲಬಿಂದು

ನಮ್ಮ ಪಾವಗಡ ಸೀಮೆಯು ಕಡಲೇಕಾಯಿಯ ನೆಲ. ಆ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಎಣ್ಣೆ, ಕಾಲುಭಾಗ ಪ್ರೋಟೀನು. ಎಣ್ಣೆಯು ಗಾಣದಿಂದ ಹೊರಬರುವುದು. ಪ್ರೋಟೀನು ಹಿಂಡಿಯಲ್ಲುಳಿದು ದನಗಳ ಮೇವಾಗುವುದು. ಕಾವು ಹೆಚ್ಚಿದಲ್ಲಿ ಅದರ ಸಹಜರಚನೆಯೂ ಕೆಡುವುದು. ಹೀಗೆ ಕೆಡದಂತೆ ಪ್ರೋಟೀನನ್ನು ಬೇರ್ಪಡಿಸುವ ಸೌಮ್ಯಮಾರ್ಗವೊಂದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಸಾಬೂನಿನ ಅಣುವಿಗೆ ನೀರನ್ನು ಬಯಸುವ ತಲೆಯೂ ಎಣ್ಣೆಯನ್ನು ಬಯಸುವ ಬಾಲವೂ ಉಂಟು. ನೀರಿನಲ್ಲಿ ಇಂತಹ ಅಣುಗಳು ತಲೆಯನ್ನು ಹೊರಗೂ ಬಾಲವನ್ನು ಒಳಗೂ ಇರಿಸಿಕೊಂಡು ಗುಂಪುಗೂಡುತ್ತವೆ. ಈ ಗುಂಪೇ ಮೈಸೆಲ್. ತುಣುಕೆಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಹೆಸರು. ಪೆಟ್ರೋಲಿನಂತಹ ದ್ರಾವಕದಲ್ಲಾದರೋ ಬಾಲಗಳು ಹೊರಗೆ, ತಲೆಗಳು ಒಳಗೆ, ನಡುವೆ ಕೆಲವೇ ನ್ಯಾನೋಮೀಟರು ಅಗಲದ ನೀರಹನಿ. ಇದು ವಿಪರೀತ ಮೈಸೆಲ್. ಇಲ್ಲಿ ‘ವಿಪರೀತ’ವೆಂದರೆ ಆಡುಮಾತಿನ ‘ಅತಿ’ಯೆಂದಲ್ಲ; ‘ತಿರುವುಮುರುವಾದದ್ದು’ ಎಂಬ ಸಂಸ್ಕೃತದ ಮೂಲಾರ್ಥವನ್ನೇ ಗ್ರಹಿಸಬೇಕು.

ದ್ರಾವಕವು ನೇರವಾಗಿ ಸೋಂಕಿದರೆ ಬಹುತೇಕ ಪ್ರೋಟೀನುಗಳು ಕೆಡುತ್ತವೆ. ಈ ಹನಿಯೊಳಗೆ ಅಡಗಿದ ಪ್ರೋಟೀನಿಗಾದರೋ ನೀರೇ ಕವಚ. ಅದನ್ನು ಒಳಹೊಗಿಸುವುದು ವಿದ್ಯುದಾಕರ್ಷಣೆ. ರಸದ ಆಮ್ಲ-ಕ್ಷಾರಗಳ ಹದವನ್ನು ತಿದ್ದಿ, ಪ್ರೋಟೀನು ತಲೆಗಳ ಆವೇಶಕ್ಕೆ ವಿರುದ್ಧವಾದ ಆವೇಶವನ್ನು ಪಡೆಯುವಂತೆ ಮಾಡಿದರೆ ಅದು ಹನಿಯನ್ನು ಸೇರುತ್ತದೆ. ಇತರ ಕಲ್ಮಷಗಳು ಬಹುಮಟ್ಟಿಗೆ ಹೊರಗುಳಿಯುತ್ತವೆ. ಅನಂತರ ಉಪ್ಪು ಹೆಚ್ಚಾಗಿರುವ, ಬೇರೆ ಹದದ ನೀರಿನೊಡನೆ ಕಲಕಿದರೆ ಆಕರ್ಷಣೆ ಕುಗ್ಗಿ, ಪ್ರೋಟೀನು ಮರಳಿ ನೀರಿಗಿಳಿಯುತ್ತದೆ.

ಇದು ಬರಿಯ ಊಹೆಯಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅನಾನಸಿನ ದಿಂಡು, ಸಿಪ್ಪೆ, ಜುಟ್ಟುಗಳಂತಹ ತ್ಯಾಜ್ಯದಿಂದ ಬ್ರೋಮೆಲೈನ್ ಎಂಬ ಕಿಣ್ವವನ್ನು ಇದೇ ಕ್ರಮದಲ್ಲಿ ಪಡೆದು, 2008ರಲ್ಲಿ ಆ ಕಾರ್ಯವನ್ನು ಪ್ರಕಟಿಸಿದರು. ಅನಾನಸನ್ನು ತಿಂದಾಗ ನಾಲಗೆಯು ಚುರುಗುಟ್ಟುವುದರಲ್ಲಿ ಈ ಕಿಣ್ವದ ಪಾಲೂ ಇದೆ. ದಿಂಡಿನ ರಸದಿಂದ ಪಡೆದ ಕಿಣ್ವದ ಶುದ್ಧತೆ ಸುಮಾರು 5 ಪಟ್ಟು ಹೆಚ್ಚಿತು. ಬಿಸಾಡುವ ದಿಂಡಿನಿಂದ ಇಷ್ಟು ದೊರೆತುದು ಸಾಮಾನ್ಯವಲ್ಲ.

ಹಾಗಾದರೆ ನಮ್ಮ ಕಡಲೇಬೀಜಕ್ಕೆ? ಎಣ್ಣೆಯನ್ನು ದ್ರಾವಕಕ್ಕೂ ಪ್ರೋಟೀನನ್ನು ಹನಿಗೂ ಒಂದೇ ಸಲಕ್ಕೆ ಸೆಳೆಯುವ ಪ್ರಯೋಗಗಳು ಚೀನಾದಲ್ಲಿ ನಡೆದಿವೆ. ತೊಡಕು ಬೇರೆಡೆ ಇದೆ. ಪ್ರೋಟೀನನ್ನು ಒಳಗೆ ಕರೆದೊಯ್ದ ಆ ಸಾಬೂನಿನಂತಹ ವಸ್ತುವೇ ಅದಕ್ಕೆ ಅಂಟಿಕೊಂಡು ಬರುವುದುಂಟು. ಅದನ್ನೂ ದ್ರಾವಕದ ಶೇಷವನ್ನೂ ಪೂರ್ಣವಾಗಿ ತೊಳೆಯದೆ ಆ ಪ್ರೋಟೀನು ಊಟದ ಎಲೆಗೆ ಬರುವಂತಿಲ್ಲ. ತೊಳೆಯುವ ವೆಚ್ಚವನ್ನು ಹಿಂಡಿಯ ಬೆಲೆಯಂತೂ ಹೊರಲಾರದು.