ಮಕ್ಕಳ ತಲೆಬುರುಡೆಯ ಬಿರುಕು: ಕಾಲಾನಂತರ ತಲೆದೋರುವ ತೊಂದರೆಗಳು

ಮಾಳಿಗೆಯಿಂದಲೋ ದ್ವಿಚಕ್ರ ವಾಹನದಿಂದಲೋ ಬಿದ್ದ ಮಗುವಿನ ತಲೆಬುರುಡೆ ಬಿರುಕು ಬಿಟ್ಟರೂ, ಬಹುತೇಕ ಪ್ರಕರಣಗಳಲ್ಲಿ ಅದು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಮಗು ಮತ್ತೆ ಆಡತೊಡಗಿದೊಡನೆ ಆಸ್ಪತ್ರೆಯ ಕಾಗದಗಳು ಮನೆಯಲ್ಲಿ ಕಾಣೆಯಾಗುವುದೂ ಅಷ್ಟೇ ಸಾಮಾನ್ಯ. ಆದರೆ ಕೆಲವು ಮಕ್ಕಳಲ್ಲಿ ಪೆಟ್ಟಿನ ಪರಿಣಾಮ ತಿಂಗಳುಗಳ ಅಥವಾ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಆಗ ಹಳೆಯ ಪೆಟ್ಟಿಗೂ ಹೊಸ ಕಾಯಿಲೆಗೂ ಇರುವ ಸಂಬಂಧವನ್ನು ವೈದ್ಯರಿಗೆ ತಿಳಿಸುವವರೇ ಇರುವುದಿಲ್ಲ.

ಮೂರು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಈ ವಯಸ್ಸಿನಲ್ಲಿ ಮಿದುಳು ವೇಗವಾಗಿ ಬೆಳೆಯುತ್ತಿರುತ್ತದೆ. ಮೂಳೆಯೊಡನೆ ಅದರ ಒಳಗಿನ ಗಟ್ಟಿ ಪೊರೆಯೂ ಹರಿದಿದ್ದರೆ, ಮಿದುಳಿನ ಮಿಡಿತದ ಒತ್ತಡ ಆ ಸೀಳಿನ ಮೇಲೆ ಬೀಳುತ್ತಿದ್ದು, ಬಿರುಕು ಕೂಡುವ ಬದಲು ಅಗಲವಾಗುತ್ತ ಹೋಗುತ್ತದೆ. ಅಡಿಪಾಯ ಅಲುಗುತ್ತಿರುವ ಗೋಡೆಯ ಬಿರುಕಿಗೆ ಗಾರೆ ಮೆತ್ತಿದರೆ ನಿಲ್ಲದು, ಇದೂ ಹಾಗೆಯೇ. ಹೊರಗೆ ಕಾಣುವುದು ಪೆಟ್ಟು ಬಿದ್ದ ಜಾಗದಲ್ಲಿ ಮೆತ್ತನೆಯ, ಕೆಲವೊಮ್ಮೆ ಮಿಡಿಯುವ ಊತ ಮಾತ್ರ. ಸಾಮಾನ್ಯ ಬಾವು ಕೆಲವು ವಾರಗಳಲ್ಲಿ ಇಳಿಯುತ್ತದೆ, ಇದು ಬೆಳೆಯುತ್ತದೆ. ಇದನ್ನು ಉಜ್ಜುವುದಾಗಲಿ ಶಾಖ ಕೊಡುವುದಾಗಲಿ ಕೂಡದು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದಲೇ ಮುಚ್ಚಬೇಕಾಗುತ್ತದೆ. ತಡವಾದರೆ ಫಿಟ್ಸ್ ಹಾಗೂ ಒಂದು ಪಕ್ಕದ ಕೈಕಾಲಿನ ಬಲಹೀನತೆ ಉಂಟಾಗುವ ಸಂಭವವಿದೆ.

ಬುರುಡೆಯ ತಳಭಾಗ ಒಡೆದಿದ್ದರೆ ಮೂಗು ಅಥವಾ ಕಿವಿಯಿಂದ ತಿಳಿನೀರಿನಂತಹ ದ್ರವ ಸೋರಬಹುದು. ಇದನ್ನು ನೆಗಡಿಯೆಂದು ಅಲಕ್ಷಿಸಿದರೆ ಅದೇ ದಾರಿಯಲ್ಲಿ ಸೋಂಕು ಒಳಹೊಕ್ಕು ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಉರಿಯೂತ, ಪದೇ ಪದೇ ಬರಬಹುದು. ಕಿವಿಯ ಭಾಗದ ಮೂಳೆಗೆ ಪೆಟ್ಟಾದವರಲ್ಲಿ ಶ್ರವಣದೋಷ ಉಳಿಯುವುದುಂಟು. ಶಾಲೆಯಲ್ಲಿ ‘ಹೇಳಿದ ಮಾತು ಕೇಳದವನು’ ಎನಿಸಿಕೊಂಡ ಬಾಲಕನಿಗೆ ಮಾತು ನಿಜಕ್ಕೂ ಕೇಳಿಸದಿರಬಹುದು. ಮಿದುಳಿಗೂ ಪೆಟ್ಟಾಗಿದ್ದಲ್ಲಿ ಮರೆವು, ಸಿಡುಕು, ಓದಿನಲ್ಲಿ ಹಿಂದುಳಿಯುವಿಕೆ ಕಂಡುಬರಬಹುದು. ವರ್ಷಗಳ ನಂತರ ಫಿಟ್ಸ್ ಆರಂಭವಾಗಬಹುದು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವ ರೂಢಿಯಿಂದ ಪ್ರಯೋಜನವಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು.

ಸದಸ್ಯರು ತಮ್ಮ ವಾರ್ಡಿನಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮರಳಿದ ಮಕ್ಕಳಿದ್ದಲ್ಲಿ, ಬಿಡುಗಡೆ ಪತ್ರ ಹಾಗೂ ಸಿ.ಟಿ. ಸ್ಕ್ಯಾನ್ ವರದಿಯನ್ನು ತಾಯಿ ಕಾರ್ಡಿನೊಂದಿಗೆ ಕಾಯ್ದಿಡುವಂತೆ ಪೋಷಕರಿಗೆ ತಿಳಿಸುವುದು. ವಿಷಯವನ್ನು ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರ, ಶಾಲೆಗೆ ಸೇರಿದ ಮೇಲೆ ಮುಖ್ಯ ಶಿಕ್ಷಕರ ಗಮನಕ್ಕೂ ತರುವುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬಂದಾಗ ಇಂತಹ ಮಗುವನ್ನು ಹಳೆಯ ಕಾಗದಗಳ ಸಹಿತ ತೋರಿಸತಕ್ಕದ್ದು. ಶಾಶ್ವತ ನ್ಯೂನತೆ ಉಳಿದಿದ್ದರೆ, ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಲು ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.