ಮೇಕಪ್ ಇಲ್ಲದೆಯೂ ಲಕ್ಷಣವಾಗಿ: ಏಳು ಹೆಜ್ಜೆ

ದಿನಾ ಕಾಜಲ್, ಫೌಂಡೇಷನ್, ಲಿಪ್‌ಸ್ಟಿಕ್ ಹಚ್ಚಿಕೊಂಡು ಆಫೀಸಿಗೆ ಹೋಗುವವರು ಒಂದು ದಿನ ಬರಿಮುಖದಲ್ಲಿ ಹೋದರೆ ಸಾಕು, ‘ಯಾಕ್ರೀ, ಹುಷಾರಿಲ್ವಾ?’ ಎಂದು ನಾಲ್ಕು ಜನ ವಿಚಾರಿಸುತ್ತಾರೆ. ಮರುದಿನ ಮೇಕಪ್ ಕಿಟ್ ಮತ್ತೆ ಕೈಗೆ ಬರುತ್ತದೆ. ಮೇಕಪ್ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಮದುವೆ, ಹಬ್ಬ, ವೇದಿಕೆ ಎಂದಾಗ ಅದೊಂದು ಸಂಭ್ರಮವೇ. ಆದರೆ ಬೀದಿ ಕೊನೆಯ ಅಂಗಡಿಗೆ ಹಾಲು ತರಲು ಹೋಗುವಾಗಲೂ ಕನ್ಸೀಲರ್ ಬೇಕೇಬೇಕು ಅನ್ನಿಸತೊಡಗಿದರೆ, ಆಗ ಒಂದಿಷ್ಟು ಯೋಚಿಸಬೇಕು.

ಬರಿಮುಖ ಚೆನ್ನಾಗಿ ಕಾಣಬೇಕಾದರೆ ಹೊಸದಾಗಿ ಏನನ್ನೂ ಕೊಂಡು ಹಚ್ಚಬೇಕಾಗಿಲ್ಲ. ಈಗ ಹಚ್ಚುತ್ತಿರುವುದರಲ್ಲಿ ಎಷ್ಟೋ ಬಿಡಬೇಕು. ಉಳಿದದ್ದು ಬಿಸಿಲಿನಿಂದ ರಕ್ಷಣೆ, ಊಟ, ನಿದ್ದೆ, ಜೊತೆಗೆ ಒಂದಿಷ್ಟು ಮನಸ್ಸಿನ ಅಭ್ಯಾಸ. ಹುಟ್ಟಿನಿಂದ ಬಂದ ಮೈಬಣ್ಣವನ್ನು ಬದಲಿಸುವ ಮಾತು ಈ ಲೇಖನದಲ್ಲಿಲ್ಲ. ಗೋಧಿಬಣ್ಣವಿರಲಿ, ಎಣ್ಣೆಗೆಂಪಿರಲಿ, ಕಪ್ಪಿರಲಿ, ಆರೋಗ್ಯವಾಗಿರುವ ಚರ್ಮ ತಾನಾಗಿಯೇ ಕಳೆಕಳೆಯಾಗಿರುತ್ತದೆ.

ಹೆಜ್ಜೆ 1: ಮೊದಲು ಬಿಡಬೇಕಾದ್ದನ್ನು ಬಿಡಿ

ಮನೆಯಲ್ಲಿರುವ ಕ್ರೀಮಿನ ಟ್ಯೂಬುಗಳನ್ನೆಲ್ಲ ಒಟ್ಟುಮಾಡಿ, ಹಿಂಬದಿಯ ಸಣ್ಣಕ್ಷರಗಳನ್ನು ಓದಿ. ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಕಂಡರೆ ಅದು ಸ್ಟೀರಾಯ್ಡ್ ಮುಲಾಮು. ಚರ್ಮರೋಗಕ್ಕೆ ವೈದ್ಯರು ಹೇಳಿದಷ್ಟೇ ದಿನ ಬಳಸುವ ಔಷಧಿ ಅದು, ಬೆಳ್ಳಗಾಗುವ ಕ್ರೀಮ್ ಅಲ್ಲ. ಗೆಳತಿ ಹೇಳಿದಳೆಂದು, ಮೆಡಿಕಲ್ ಶಾಪಿನವರು ಕೊಟ್ಟರೆಂದು ಅದನ್ನು ದಿನಾ ಹಚ್ಚುವವರಿದ್ದಾರೆ. ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ, ಮೊಡವೆ ಕಡಿಮೆಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳು ಮೂಡುತ್ತವೆ, ಮುಖದಲ್ಲಿ ಕೂದಲು ಹೆಚ್ಚುತ್ತದೆ, ಮೊಡವೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎನ್ನುವ ಸ್ಥಿತಿ. ಭಾರತದಲ್ಲಿ ಈ ತೊಂದರೆ ಎಷ್ಟು ವ್ಯಾಪಕವಾಯಿತೆಂದರೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ತಿಂಗಳುಗಟ್ಟಲೆ ಹಚ್ಚುತ್ತ ಬಂದಿದ್ದರೆ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ಚರ್ಮರೋಗ ತಜ್ಞರನ್ನು ಕಂಡು, ಅವರು ಹೇಳಿದ ಹಾಗೆ ಹಂತಹಂತವಾಗಿ ಬಿಡಿ.

ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಯಾವುದೂ ಇಲ್ಲದ, ವಾರದಲ್ಲಿ ಬೆಳ್ಳಗಾಗಿಸುತ್ತೇವೆ ಎನ್ನುವ ಕ್ರೀಮುಗಳನ್ನು ಪೂರ್ತಿ ದೂರವಿಡಿ. ಇವುಗಳಲ್ಲಿ ಪಾದರಸ ಬೆರೆತಿರುವ ಅಪಾಯವಿದೆ. ಅದು ಚರ್ಮದ ಮೂಲಕ ದೇಹ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆಗೆ ಬಂದ ಹಲವರ ಹಿನ್ನೆಲೆ ವಿಚಾರಿಸಿದಾಗ ಇಂಥ ಕ್ರೀಮಿನ ಬಳಕೆ ಬೆಳಕಿಗೆ ಬಂತು.

ಅಡುಗೆಮನೆಯ ಪದಾರ್ಥಗಳೆಲ್ಲ ಮುಖಕ್ಕೆ ಒಳ್ಳೆಯವು ಎಂಬ ನಂಬಿಕೆಯನ್ನೂ ಬಿಡಿ. ನಿಂಬೆರಸದ ಆಮ್ಲೀಯತೆ ಚರ್ಮ ತಡೆದುಕೊಳ್ಳುವುದಕ್ಕಿಂತ ಬಹಳ ಹೆಚ್ಚು. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಗಾಯವಾಗಿ, ತಿಂಗಳುಗಟ್ಟಲೆ ಉಳಿಯುವ ಕಲೆಯಾಗಬಹುದು. ಅಡುಗೆ ಸೋಡಾ, ಮೊಡವೆಗೆ ಟೂತ್‌ಪೇಸ್ಟ್, ಸಕ್ಕರೆ ಹಾಕಿ ಗಸಗಸ ಉಜ್ಜುವ ಸ್ಕ್ರಬ್ ಯಾವುದೂ ಬೇಡ. ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಕೆರಳಿದ ಜಾಗ ವಾಸಿಯಾಗುವಾಗ ಕಪ್ಪು ಕಲೆ ಉಳಿಯುವ ಸಾಧ್ಯತೆ ಹೆಚ್ಚು. ಮೊಡವೆ ಚಿವುಟಬಾರದು ಎನ್ನುವುದೂ ಇದೇ ಕಾರಣಕ್ಕೆ.

ಹೆಜ್ಜೆ 2: ತೊಳೆಯುವುದು ಎರಡೇ ಸಲ

ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಮುಖ ತೊಳೆದರೆ ಸಾಕು. ತುಂಬ ಬೆವರಿದ್ದರೆ ನಡುವೆ ಬರಿ ನೀರು. ಮೈಗೆ ಹಚ್ಚುವ ಸಾಮಾನ್ಯ ಸೋಪು ಕ್ಷಾರೀಯ. ಚರ್ಮದ ಮೇಲ್ಪದರವಾದರೋ ತುಸು ಆಮ್ಲೀಯ, ಅದೇ ಚರ್ಮಕ್ಕೆ ರಕ್ಷಣೆ. ಸೋಪು ಹೆಚ್ಚಿದಷ್ಟೂ ಆ ರಕ್ಷಣೆ ಕರಗಿ ಮುಖ ಬಿಗಿಯುತ್ತದೆ, ಒಡೆಯುತ್ತದೆ. ಸುಗಂಧ ಕಡಿಮೆಯಿರುವ ಸೌಮ್ಯವಾದ ಫೇಸ್‌ವಾಶ್ ಒಳ್ಳೆಯದು. ಕಡಲೆಹಿಟ್ಟು ಒಗ್ಗಿರುವವರು ನುಣ್ಣಗೆ ಜರಡಿ ಹಿಡಿದ ಹಿಟ್ಟನ್ನು ಹಾಲಿನಲ್ಲೋ ನೀರಿನಲ್ಲೋ ತೆಳ್ಳಗೆ ಕಲಸಿ, ಒಣಗಿ ಚಕ್ಕೆಯೇಳುವ ಮೊದಲೇ ತೊಳೆಯಲಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿಕೊಳ್ಳಿ.

ಹೆಜ್ಜೆ 3: ಒದ್ದೆ ಇರುವಾಗಲೇ ಮಾಯಿಶ್ಚರೈಸರ್

ಮುಖ ಒರೆಸಿದ ಎರಡು ಮೂರು ನಿಮಿಷದೊಳಗೆ, ಇನ್ನೂ ತೇವವಿರುವಾಗ ಹಚ್ಚಿದರೆ ನೀರಿನಂಶ ಒಳಗೇ ಉಳಿಯುತ್ತದೆ. ಎಣ್ಣೆ ಮುಖದವರಿಗೆ ಜೆಲ್ ರೂಪದ್ದು, ಒಣ ಮುಖದವರಿಗೆ ಕ್ರೀಮ್. ಬೆಲೆಗೂ ಗುಣಕ್ಕೂ ಸಂಬಂಧವಿಲ್ಲ. ಗ್ಲಿಸರಿನ್ ಇರುವ ಸಾಧಾರಣ ಬೆಲೆಯ ಲೋಷನ್ನೇ ಎಷ್ಟೋ ಜನರಿಗೆ ಸಾಕಾಗುತ್ತದೆ. ಉತ್ತರ ಕರ್ನಾಟಕದ ಚಳಿಗಾಲದ ಒಣಗಾಳಿಗೆ ತುಸು ದಪ್ಪದ್ದು ಬೇಕು, ಕರಾವಳಿಯ ಸೆಕೆಗೆ ಹಗುರವಾದದ್ದು. ಒಂದೇ ಡಬ್ಬಿ ವರ್ಷವಿಡೀ ಹೊಂದಲಾರದು.

ಹೊಸದೇನಾದರೂ ಶುರುಮಾಡಿದರೆ ಮೊದಲು ಕಿವಿಯ ಹಿಂದೆಯೋ ಮುಂಗೈ ಒಳಭಾಗದಲ್ಲೋ ಕೆಲವು ದಿನ ಹಚ್ಚಿ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ಮಾತ್ರ ಮುಖಕ್ಕೆ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಹಾಗಾಗಿ ವಾರಕ್ಕೊಂದು ಕ್ರೀಮ್ ಬದಲಿಸಿದರೆ ಯಾವುದರ ಗುಣವೂ ತಿಳಿಯುವುದಿಲ್ಲ.

ಹೆಜ್ಜೆ 4: ಸನ್‌ಸ್ಕ್ರೀನ್, ಅದೂ ಅಳತೆಯಷ್ಟು

ಒಂದೇ ಒಂದು ವಸ್ತುವಿಗೆ ಹಣ ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ. ಬಂಗು, ಮೊಡವೆ ಕಲೆ, ಸುಕ್ಕು ಇವೆಲ್ಲವನ್ನೂ ಬಿಸಿಲು ಹೆಚ್ಚಿಸುತ್ತದೆ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿರುವ, ‘ಬ್ರಾಡ್ ಸ್ಪೆಕ್ಟ್ರಮ್’ ಎಂದು ಬರೆದಿರುವುದನ್ನು ಆರಿಸಿ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 30 ಬಿಸಿಲಿನ ಯುವಿಬಿ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ.

ತೊಡಕಿರುವುದು ಆ ‘ಸರಿಯಾಗಿ’ ಎನ್ನುವಲ್ಲಿ. ಕಡಲೆಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಸವರಿದರೆ ಲಾಭವಿಲ್ಲ. ತೋರುಬೆರಳು ಮತ್ತು ಮಧ್ಯದ ಬೆರಳಿನ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆಯಿರಿ. ಮುಖ ಮತ್ತು ಕುತ್ತಿಗೆಗೆ ಅಷ್ಟು ಬೇಕು. ಒಂದೇ ಸಲ ಬಳಿದರೆ ಬೆಳ್ಳಗೆ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಮೊದಲು ಒಂದು ಬೆರಳಿನಷ್ಟು, ಅದು ಹೀರಿಕೊಂಡ ಮೇಲೆ ಇನ್ನೊಂದು. ಕಿವಿ, ಕತ್ತಿನ ಹಿಂಭಾಗ, ಸ್ಕೂಟರ್ ಹಿಡಿಕೆ ಹಿಡಿಯುವ ಕೈಗಳನ್ನೂ ಮರೆಯಬೇಡಿ. ಹೊರಗೇ ಇರುವ ದಿನ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಲೆ ಹೆಚ್ಚಿಸುವ ಯುವಿಎ ಕಿರಣ ಕಿಟಕಿಯ ಗಾಜನ್ನೂ ದಾಟುತ್ತದೆ. ಬಸ್ಸಿನ ಕಿಟಕಿ ಪಕ್ಕ ಕೂರುವವರಿಗೂ ಸನ್‌ಸ್ಕ್ರೀನ್ ಬೇಕು. ಹೊಲ, ಗಾರ್ಮೆಂಟ್ಸ್, ಸಂತೆ ಎಂದು ಬಿಸಿಲಲ್ಲೇ ಓಡಾಡುವವರಿಗೆ ಕೊಡೆ, ಅಗಲ ಅಂಚಿನ ಟೋಪಿ, ತಲೆಯ ಮೇಲಿನ ಸೆರಗು ಅಷ್ಟೇ ಮುಖ್ಯ.

ಹೆಜ್ಜೆ 5: ಸಣ್ಣಪುಟ್ಟ ಅಚ್ಚುಕಟ್ಟು

ಮುಖಕ್ಕೆ ಕಳೆ ಕೊಡುವುದು ಅದರ ಸುತ್ತಲಿನ ಒಪ್ಪ ಓರಣ. ಹುಬ್ಬಿನ ಹೊರಗೆ ಬೆಳೆದ ನಾಲ್ಕಾರು ಕೂದಲು ತೆಗೆಸಿದರೆ ಸಾಕು, ಇಡೀ ಆಕಾರ ಬದಲಿಸಬೇಕಿಲ್ಲ. ತುಟಿ ಒಣಗಿದಾಗ ನಾಲಗೆಯಿಂದ ಸವರಿದರೆ ಇನ್ನೂ ಒಡೆಯುತ್ತದೆ. ರಾತ್ರಿ ಪೆಟ್ರೋಲಿಯಂ ಜೆಲ್ಲಿಯೋ ತುಪ್ಪವೋ ಹಚ್ಚಿ ಮಲಗಿ. ಹಣೆಯಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆಗಳೇಳುತ್ತಿದ್ದರೆ ತಲೆಗೆ ಹಚ್ಚಿದ ಎಣ್ಣೆ ಅಲ್ಲಿಗೆ ಇಳಿಯುತ್ತಿರಬಹುದು. ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಎಣ್ಣೆ ಹಚ್ಚಿ ತೊಳೆದುಬಿಡಿ, ರಾತ್ರಿಯಿಡೀ ಬಿಡಬೇಡಿ. ದಿಂಬಿನ ಚೀಲವನ್ನು ವಾರಕ್ಕೊಮ್ಮೆಯಾದರೂ ಬದಲಿಸಿ.

ಸ್ಟಿಕ್ಕರ್ ಬೊಟ್ಟು ಇಡುವವರು ಅದನ್ನು ತೆಗೆದಾಗ ಹಣೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಬೊಟ್ಟಿನಷ್ಟೇ ಗುಂಡಗೆ ತುರಿಕೆಯೋ ಬಿಳಿಚಿದ ಕಲೆಯೋ ಕಂಡರೆ ಅಂಟಿನಲ್ಲಿರುವ ರಾಸಾಯನಿಕ ನಿಮಗೆ ಒಗ್ಗುತ್ತಿಲ್ಲ ಎಂದರ್ಥ. ಸ್ಟಿಕ್ಕರ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ತಡಮಾಡಿದರೆ ಆ ಬಿಳಿ ಹಾಗೇ ಉಳಿದುಬಿಡಬಹುದು.

ಇನ್ನು ಬೆನ್ನು ನೆಟ್ಟಗಿರಲಿ, ಬಟ್ಟೆ ಇಸ್ತ್ರಿಯಾಗಿರಲಿ, ಉಗುರು ಚೊಕ್ಕವಾಗಿರಲಿ. ಸೊಂಪಾಗಿ ಬಾಚಿದ ತಲೆಗೆ ಒಂದು ಮೊಳ ಮಲ್ಲಿಗೆಯೋ ಕನಕಾಂಬರವೋ ಇದ್ದರೆ ಲಿಪ್‌ಸ್ಟಿಕ್ಕಿನ ನೆನಪೂ ಬಾರದು.

ಹೆಜ್ಜೆ 6: ಮುಖ ಹೇಳುವ ಆರೋಗ್ಯದ ಸುದ್ದಿ ಕೇಳಿ

ಬಿಳಿಚಿದ ಮುಖ, ಸದಾ ಸುಸ್ತು, ಉದುರುವ ಕೂದಲು ಇವುಗಳನ್ನು ಮೇಕಪ್‌ನಿಂದ ಮುಚ್ಚುವ ಮೊದಲು ರಕ್ತಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ದೇಶದಲ್ಲಿ ಶೇ 57ರಷ್ಟು, ಕರ್ನಾಟಕದಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ ಕನಿಷ್ಠ 12 ಗ್ರಾಂ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದನ್ನು ನೋಡುತ್ತಾರೆ.

ನುಗ್ಗೆ ಸೊಪ್ಪು, ದಂಟು, ಹುರುಳಿ, ಹೆಸರುಕಾಳು, ಮೊಟ್ಟೆ, ಮೀನು, ಮಾಂಸ ನಿಮ್ಮ ಮನೆಯ ರೂಢಿಗೆ ತಕ್ಕಂತೆ ತಟ್ಟೆಯಲ್ಲಿರಲಿ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಳ್ಳಿ ಅಥವಾ ಊಟದ ಜೊತೆ ಒಂದು ನೆಲ್ಲಿಕಾಯಿ ತಿನ್ನಿ, ಅದರ ‘ಸಿ’ ಜೀವಸತ್ವ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಮುಖಕ್ಕೆ ಬೇಡವೆಂದ ನಿಂಬೆಯ ಜಾಗ ಇಲ್ಲಿದೆ. ಊಟವಾದ ಕೂಡಲೇ ಕಾಫಿ ಟೀ ಕುಡಿದರೆ ಕಬ್ಬಿಣಾಂಶ ಹೀರುವುದು ತಗ್ಗುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಅಮ್ಮಂದಿರೇ, ನಿಮ್ಮ ಪಾಲನ್ನೂ ಮೊದಲೇ ತೆಗೆದಿಡಿ. ಏಳೆಂಟು ಗಂಟೆಯ ನಿದ್ದೆಯನ್ನು ಯಾವ ಐ ಕ್ರೀಮೂ ತುಂಬಿಕೊಡಲಾರದು.

ಕೆಲವನ್ನು ತೊಳೆದು ತೆಗೆಯಲು ಹೋಗಬೇಡಿ. ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ ಇರಬಹುದು. ಗದ್ದದಲ್ಲಿ ಕೂದಲು, ಬಿಡದ ಮೊಡವೆ, ಏರುಪೇರಾದ ಮುಟ್ಟು ಒಟ್ಟಿಗಿದ್ದರೆ ಅಂಡಾಶಯಕ್ಕೆ ಸಂಬಂಧಿಸಿದ ಪಿಸಿಒಡಿ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕು. ಮುಖ ಊದಿಕೊಂಡಂತಿದ್ದು ಕೂದಲು ಉದುರುತ್ತಿದ್ದರೆ ಥೈರಾಯ್ಡ್ ನೋಡಿಸಿ. ಕಣ್ಣಿನ ಸುತ್ತಲ ಕಪ್ಪು ಮಾತ್ರ ಎಷ್ಟೋ ಮನೆಗಳಲ್ಲಿ ವಂಶಪಾರಂಪರ್ಯ. ಅದಕ್ಕಾಗಿ ಕೊರಗುವುದು ಬೇಡ.

ಹೆಜ್ಜೆ 7: ಮನಸ್ಸನ್ನೂ ಅಣಿಗೊಳಿಸಿ

ಮೇಕಪ್ ಅನ್ನು ಒಂದೇ ದಿನ ಬಿಡುವುದು ಕಷ್ಟ. ತಿಂಗಳ ಲೆಕ್ಕ ಹಾಕಿಕೊಳ್ಳಿ. ಮೊದಲ ವಾರ ಅಂಗಡಿ, ವಾಕಿಂಗ್, ದೇವಸ್ಥಾನಕ್ಕೆ ಬರಿಮುಖದಲ್ಲಿ ಹೋಗಿ. ಎರಡನೇ ವಾರ ಆಫೀಸಿಗೂ ಫೌಂಡೇಷನ್ ಬಿಡಿ, ಕಾಜಲ್ ಇರಲಿ. ಮೂರನೇ ವಾರ ಎರಡು ದಿನ ಪೂರ್ತಿ ಬರಿಮುಖ. ನಾಲ್ಕನೇ ವಾರದ ಹೊತ್ತಿಗೆ ಸುತ್ತಲಿನವರ ಕಣ್ಣೂ ಹೊಂದಿಕೊಂಡಿರುತ್ತದೆ, ನಿಮ್ಮ ಕಣ್ಣೂ. ಯಾವ ದಿನ ಬೇಕು, ಯಾವ ದಿನ ಬೇಡ ಎಂಬುದನ್ನು ಆಮೇಲೆ ನೀವೇ ನಿರ್ಧರಿಸಿ.

ಎಲ್ಲರೂ ನನ್ನ ಮೊಡವೆಯನ್ನೇ ನೋಡುತ್ತಿದ್ದಾರೆ ಅನ್ನಿಸಿದಾಗ ಒಂದು ಪ್ರಯೋಗ ನೆನಪಿಸಿಕೊಳ್ಳಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳು ತುಂಬಿದ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಎಂದು ಅದನ್ನು ತೊಟ್ಟವರು ಎಣಿಸಿದರು. ಗಮನಿಸಿದ್ದವರು ಸುಮಾರು ಕಾಲುಭಾಗ. ಈ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಎದೆಯ ಮೇಲಿನ ದೊಡ್ಡ ಚಿತ್ರವೇ ಅಷ್ಟು ಕಡಿಮೆ ಜನರ ಕಣ್ಣಿಗೆ ಬಿದ್ದಿತು, ಇನ್ನು ಗಲ್ಲದ ಮೇಲಿನ ಒಂದು ಮೊಡವೆಯ ಮಾತೇನು?

ಸೆಲ್ಫಿ ನೋಡಿ ಮುಖದ ಬೆಲೆ ಕಟ್ಟಬೇಡಿ. ಒಂದಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರ ಅಧ್ಯಯನವೊಂದು ಲೆಕ್ಕಹಾಕಿ ತೋರಿಸಿದೆ. ಐದಡಿ ದೂರದಲ್ಲಿ ನಿಂತು ಬೇರೆಯವರಿಂದ ಫೋಟೊ ತೆಗೆಸಿಕೊಳ್ಳಿ.

ಜನರ ಮಾತಿಗೆ ಉತ್ತರ ಮೊದಲೇ ಸಿದ್ಧವಿದ್ದರೆ ಧೈರ್ಯ ಬರುತ್ತದೆ. ಸಹೋದ್ಯೋಗಿ ‘ಹುಷಾರಿಲ್ವಾ?’ ಎಂದರೆ, ‘ಚೆನ್ನಾಗಿದ್ದೀನಿ, ಇವತ್ತು ಮೇಕಪ್ ಹಾಕಿಲ್ಲ ಅಷ್ಟೆ’ ಎನ್ನಿ. ಮದುವೆಮನೆಯಲ್ಲಿ ದೊಡ್ಡಮ್ಮ ‘ಏನೇ ಇದು, ಹೀಗೆ ಕಪ್ಪಾಗಿಬಿಟ್ಟಿದ್ದೀಯ? ಮುಖಕ್ಕೆ ಏನಾದ್ರೂ ಹಚ್ಕೋಬಾರ್ದಾ?’ ಎಂದರೆ ನಗುತ್ತಲೇ, ‘ನನ್ನ ಬಣ್ಣವೇ ಇದು ದೊಡ್ಡಮ್ಮ. ಅದಿರ್ಲಿ, ನಿಮ್ಮ ಮಂಡಿನೋವು ಹೇಗಿದೆ?’ ಎಂದು ಕೇಳಿ. ಮಾತು ಅಲ್ಲಿಗೇ ತಿರುಗುತ್ತದೆ, ಮನಸ್ಸೂ ಮುರಿಯುವುದಿಲ್ಲ.

ಕಾಲವೂ ಬದಲಾಗುತ್ತಿದೆ. 1975ರಿಂದ ಮಾರುಕಟ್ಟೆಯಲ್ಲಿದ್ದ ಫೇರ್ ಅಂಡ್ ಲವ್ಲಿ ಕ್ರೀಮ್ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟಿತು. 2015ರ ಮಲಯಾಳಂ ಚಿತ್ರ ‘ಪ್ರೇಮಮ್’ನಲ್ಲಿ ಸಾಯಿ ಪಲ್ಲವಿ ಮೊಡವೆ ಕಾಣುವ ಮುಖದಲ್ಲೇ ನಟಿಸಿದರು. ಪ್ರೇಕ್ಷಕರು ಆ ಮುಖವನ್ನೇ ಮೆಚ್ಚಿದರು. ಮುಂದೆ ಬೆಳ್ಳಗಾಗುವ ಕ್ರೀಮಿನ ಜಾಹೀರಾತು ಅರಸಿ ಬಂದಾಗ ಅವರು ಒಪ್ಪಲಿಲ್ಲ.

ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಈ ಕೊನೆಯ ಹೆಜ್ಜೆ ನಿಮಗಿಂತ ಅವರಿಗೆ ಮುಖ್ಯ. ಅವರೆದುರು ಕನ್ನಡಿ ನೋಡುತ್ತ ‘ಎಷ್ಟು ಕೆಟ್ಟದಾಗಿ ಕಾಣ್ತಿದ್ದೀನಿ’ ಎನ್ನಬೇಡಿ. ‘ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ’ ಎಂದು ಆಟದಿಂದ ಒಳಗೆ ಕರೆಯಬೇಡಿ. ಟೋಪಿ ಹಾಕಿ, ಸನ್‌ಸ್ಕ್ರೀನ್ ಹಚ್ಚಿ, ಆಡಲು ಬಿಡಿ. ಮುಖವನ್ನು ಮುಚ್ಚಿಡಬೇಕು ಎಂಬ ಅಳುಕು ಮಕ್ಕಳಿಗೆ ನಮ್ಮ ಮಾತಿನಿಂದಲೇ ಅಂಟುತ್ತದೆ. ಆ ಮಾತು ಬಿಟ್ಟರೆ ಅವರು ದೊಡ್ಡವರಾದ ಮೇಲೆ ಇಂಥ ಲೇಖನ ಓದುವ ಅಗತ್ಯವೇ ಬರಲಿಕ್ಕಿಲ್ಲ.