ಎಲ್ಲರೂ ಸೇರಿ ದೀಪ ಆರಿಸಿದರೆ ಏನಾಗುತ್ತದೆ?



ಡಿಸೆಂಬರ್ 14 ರಾಷ್ಟ್ರೀಯ ಇಂಧನ ಉಳಿತಾಯ ದಿನ. ಈ ತಿಂಗಳ ಗೋಡೆ ಪತ್ರಿಕೆಗೆ ವಿದ್ಯುತ್ ವಿಷಯ ಬರಿ ಅಂತ ವಿಜ್ಞಾನದ ಮೇಷ್ಟ್ರು ನನಗೆ ಹೇಳಿದರು. "ಪುಸ್ತಕ ನೋಡಿ ಇಳಿಸಬೇಡ, ಕಂಡದ್ದು ಬರಿ, ಲೆಕ್ಕ ಹಾಕಿ ಬರಿ" ಅಂತಲೂ ಹೇಳಿದರು. ಹಾಗಾಗಿ ಈ ಪಾಠದಲ್ಲಿ ಲೆಕ್ಕ ಜಾಸ್ತಿ ಇದೆ. ಬೇಜಾರು ಮಾಡಿಕೊಳ್ಳದೆ ಓದಿ.

ಹೋದ ತಿಂಗಳು ಕಿರುಪರೀಕ್ಷೆ ಹಿಂದಿನ ರಾತ್ರಿ ನಮ್ಮ ಬೀದಿಯ ಟಿ.ಸಿ. ಸುಟ್ಟು ಹೋಯಿತು. ಢಬ್ ಅಂತ ಸದ್ದಾಯಿತು, ಬೀದಿಯೆಲ್ಲ ಕತ್ತಲು. ಹೊಸ ಟಿ.ಸಿ. ಬಂದದ್ದು ಐದನೇ ದಿನ. ನಾವು ಮೇಣದಬತ್ತಿ ಇಟ್ಟುಕೊಂಡು ಓದಿದೆವು. ಗಣಿತದಲ್ಲಿ ಕಡಿಮೆ ಅಂಕ ಬಂದವರು ಅದೇ ಕಾರಣ ಹೇಳಿದರು. (ನಾನೂ ಹೇಳಿದೆ.) ಕಂಬ ಹತ್ತಲು ಬಂದ ಲೈನ್‌ಮನ್ ಅಣ್ಣ ಒಂದು ಮಾತು ಅಂದರು: "ಸಾಯಂಕಾಲ ಎಲ್ರೂ ಒಟ್ಟಿಗೇ ಎಲ್ಲಾ ಹಾಕ್ತೀರ. ಪಾಪ, ಟಿ.ಸಿ. ಎಷ್ಟು ಅಂತ ತಡೀತದೆ?"

ಎಲ್ಲರೂ ಒಟ್ಟಿಗೆ ಹಾಕಿದರೆ ಟಿ.ಸಿ. ಸುಡುವುದಾದರೆ, ಎಲ್ಲರೂ ಒಟ್ಟಿಗೆ ಆರಿಸಿದರೆ ಏನಾಗುತ್ತದೆ? ಅದನ್ನು ನಾನು ಬೆಂಗಳೂರಿನಲ್ಲಿ ಕಣ್ಣಾರೆ ನೋಡಿದ್ದೆ. ಆಗ ಅರ್ಥ ಆಗಿರಲಿಲ್ಲ.

1. ಮಹಾಲಕ್ಷ್ಮಿ ಲೇಔಟಿನಲ್ಲಿ ಕಂಡದ್ದು

2025ರ ಮಾರ್ಚ್ 22, ಶನಿವಾರ. ಚಿಕ್ಕಮ್ಮನ ಮಗುವಿನ ನಾಮಕರಣಕ್ಕೆ ಹಿಂದಿನ ದಿನವೇ ಅಮ್ಮನ ಜೊತೆ ಮಹಾಲಕ್ಷ್ಮಿ ಲೇಔಟಿಗೆ ಹೋಗಿದ್ದೆ. ಅಲ್ಲಿ ದೊಡ್ಡ ಆಂಜನೇಯನ ಗುಡಿ ಇದೆ, ಮಹಾಲಕ್ಷ್ಮಿ ಅಂತಲೇ ಹೆಸರಿರುವ ಮೆಟ್ರೋ ನಿಲ್ದಾಣ ಇದೆ, ಸ್ವಲ್ಪ ದೂರದಲ್ಲಿ ಇಸ್ಕಾನ್ ದೇವಸ್ಥಾನ ಇದೆ. ರಾತ್ರಿಯೂ ಹಗಲಿನ ಹಾಗೆ ಬೆಳಕು. ಚಿಕ್ಕಮ್ಮ ಇರುವುದು ಎಂಟು ಮನೆಗಳ ವಠಾರ.

ರಾತ್ರಿ ಎಂಟೂವರೆಗೆ ಕಾಲೇಜು ಓದುವ ಪಕ್ಕದ ಮನೆ ಅಕ್ಕ ಬಾಗಿಲು ತಟ್ಟಿ, "ಆಂಟಿ, ಟೈಮಾಯ್ತು, ಆರ್ಸಿ" ಅಂದಳು. ಎಂಟೂ ಮನೆಯವರು ದೀಪ, ಫ್ಯಾನು, ಟಿವಿ ಆರಿಸಿ ಮೆಟ್ಟಿಲ ಮೇಲೆ ಬಂದು ಕೂತರು. ಚಿಕ್ಕಪ್ಪನಿಗೆ ನಂಬಿಕೆ ಇರಲಿಲ್ಲ. "ಒಂದ್ ಗಂಟೆ ಆರ್ಸಿದ್ರೆ ಏನ್ ಉಳಿಯುತ್ತೆ?" ಅಂದರು. ಅಕ್ಕ, "ಬನ್ನಿ ಅಂಕಲ್, ಮೀಟರನ್ನೇ ಕೇಳೋಣ" ಅಂತ ಕರೆದುಕೊಂಡು ಹೋದಳು.

ಈಗಿನ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಮೀಟರಿನ ಮೇಲೇ ಬರೆದಿರುತ್ತದೆ. ಚಿಕ್ಕಮ್ಮನ ಮೀಟರಿನಲ್ಲಿ 3200 ಅಂತ ಇತ್ತು. ಆರಿಸುವ ಮೊದಲು ಅಕ್ಕ ಎಣಿಸಿಟ್ಟಿದ್ದಳು: ಒಂದು ನಿಮಿಷಕ್ಕೆ 32 ಸಲ. ಆರಿಸಿದ ಮೇಲೆ ನಾನು ಎಣಿಸಿದೆ: ನಿಮಿಷಕ್ಕೆ 8 ಸಲ. ಎಲ್ಲಾ ಆರಿಸಿದರೂ ಯಾಕೆ ಮಿನುಗುತ್ತಿದೆ? ಫ್ರಿಜ್ಜು ಓಡುತ್ತಿತ್ತು. ಚಿಕ್ಕಪ್ಪ ಅದರ ಪ್ಲಗ್ಗನ್ನೂ ಸ್ವಲ್ಪ ಹೊತ್ತು ತೆಗೆದರು. ಆಮೇಲೂ ನಿಮಿಷಕ್ಕೊಂದು ಸಲ ಮಿನುಗಿತು! ಕಳ್ಳ ಯಾರು ಅಂತ ಹುಡುಕಿದರೆ ಟಿವಿಯ ಸೆಟ್ ಟಾಪ್ ಬಾಕ್ಸು. ರಿಮೋಟಿನಲ್ಲಿ ಆರಿಸಿದರೆ ಅದು ಪೂರ್ತಿ ಆರುವುದಿಲ್ಲ. ಗೋಡೆಯ ಸ್ವಿಚ್ಚು ಆರಿಸಿದ ಮೇಲೆ ಕೆಂಪು ದೀಪ ಸುಮ್ಮನಾಯಿತು.

ಲೆಕ್ಕ ನೋಡಿ. 1000 ವಾಟ್ ಒಂದು ಗಂಟೆ ಉರಿದರೆ 1 ಯೂನಿಟ್. ನಿಮಿಷಕ್ಕೆ 32 ಅಂದರೆ ಗಂಟೆಗೆ 1920 ಸಲ. 1920ನ್ನು 3200ರಿಂದ ಭಾಗಿಸಿದರೆ 0.6 ಯೂನಿಟ್, ಅಂದರೆ 600 ವಾಟ್. ನಿಮಿಷಕ್ಕೆ 8 ಅಂದರೆ 150 ವಾಟ್. ಉಳಿದದ್ದು 450 ವಾಟ್. ಒಂದು ಗಂಟೆಗೆ ಒಂದು ಮನೆಯಲ್ಲಿ ಸುಮಾರು ಅರ್ಧ ಯೂನಿಟ್. ಎಂಟು ಮನೆಯೂ ಹೀಗೇ ಅಂದುಕೊಂಡರೆ 3.6 ಯೂನಿಟ್.

"ಅಷ್ಟೇನಾ?" ಅಂದರು ಚಿಕ್ಕಪ್ಪ. ನನಗೂ ಅಷ್ಟೇನಾ ಅನ್ನಿಸಿತು. ಈ ಪ್ರಶ್ನೆ ನೆನಪಿಟ್ಟುಕೊಳ್ಳಿ.

2. ಈ ಪದ್ಧತಿ ಎಲ್ಲಿಂದ ಬಂತು?

ಇದಕ್ಕೆ ಅರ್ಥ್ ಅವರ್ ಎಂದು ಹೆಸರು. ಭೂಮಿಗಾಗಿ ಒಂದು ಗಂಟೆ ಎಂದು ಹೇಳಬಹುದು. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ 2007ರ ಮಾರ್ಚ್ 31ರಂದು ಶುರುವಾಯಿತು. ಆ ರಾತ್ರಿ ಸುಮಾರು 22 ಲಕ್ಷ ಜನ ದೀಪ ಆರಿಸಿದರು. ಮರುವರ್ಷ ಬೇರೆ ದೇಶಗಳಿಗೆ ಹರಡಿತು. ನಮ್ಮ ದೇಶ 2009ರಲ್ಲಿ ಸೇರಿತು. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ಶನಿವಾರ ರಾತ್ರಿ 8.30ರಿಂದ 9.30ರವರೆಗೆ ನಡೆಯುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಇದೆ. ನಮ್ಮ ರಾಜ್ಯಕ್ಕೆ ಕರೆಂಟು ಬಂದದ್ದು ಬಹಳ ಮೊದಲು. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ 1902ರಲ್ಲಿ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ಬೀದಿ ದೀಪ ಹತ್ತಿತು. ದೀಪ ಹತ್ತಿಸಿದಾಗ ಸಂಭ್ರಮ ಪಟ್ಟ ಊರಿನಲ್ಲೇ ನೂರು ವರ್ಷದ ಮೇಲೆ ದೀಪ ಆರಿಸಿ ಎಂದು ಬಾಗಿಲು ತಟ್ಟುವ ಕಾಲ ಬಂತು.

3. ದೇಶವೇ ದೀಪ ಆರಿಸಿದ ಒಂಬತ್ತು ನಿಮಿಷ

2020ರ ಏಪ್ರಿಲ್ 5 ನಿಮಗೆ ನೆನಪಿರಬಹುದು. ಆಗ ನಾವು ಒಂದನೇ ತರಗತಿ. ಕೊರೊನಾ ಬಂದು ಸ್ಕೂಲು ಮುಚ್ಚಿತ್ತು. ರಾತ್ರಿ 9 ಗಂಟೆಗೆ 9 ನಿಮಿಷ ಮನೆ ದೀಪ ಆರಿಸಿ ಹಣತೆ ಹಚ್ಚಿ ಅಂತ ಪ್ರಧಾನಿಯವರು ಹೇಳಿದ್ದರು. ಅದು ಕರೆಂಟು ಉಳಿಸಲು ಮಾಡಿದ್ದಲ್ಲ, ಎಲ್ಲರೂ ಒಟ್ಟಿಗೆ ಇದ್ದೇವೆ ಅಂತ ತೋರಿಸಲು. ಆದರೆ ಅದರಿಂದ ಒಂದು ಪಾಠ ಸಿಕ್ಕಿತು.

ವಿದ್ಯುತ್ತನ್ನು ನೀರಿನ ಹಾಗೆ ಟ್ಯಾಂಕಿನಲ್ಲಿ ತುಂಬಿ ಇಡುವುದು ಸುಲಭವಲ್ಲ. ಎಷ್ಟು ಖರ್ಚಾಗುತ್ತದೋ ಅಷ್ಟನ್ನು ಅದೇ ಕ್ಷಣಕ್ಕೆ ತಯಾರಿಸುತ್ತಿರಬೇಕು. ಎತ್ತಿನ ಗಾಡಿಗೆ ಎರಡು ಕಡೆ ಭಾರ ಸಮ ಇರಬೇಕಲ್ಲ, ಹಾಗೆ. ಆ ರಾತ್ರಿ ದೇಶದ ಬೇಡಿಕೆ ಸುಮಾರು 1,17,300 ಮೆಗಾವಾಟ್ ಇದ್ದದ್ದು ಇಪ್ಪತ್ತು ನಿಮಿಷದಲ್ಲಿ ಸುಮಾರು 85,300ಕ್ಕೆ ಇಳಿಯಿತು. ಅಂದರೆ 32,000 ಮೆಗಾವಾಟ್ ಕಡಿಮೆ! ಫ್ಯಾನು, ಫ್ರಿಜ್ಜು ಆರಿಸಿ ಅಂತ ಹೇಳಿರಲಿಲ್ಲ, ಬೀದಿ ದೀಪವನ್ನೂ ಆರಿಸಿರಲಿಲ್ಲ. ಬರೀ ಮನೆಯ ದೀಪ. ಕಾಲು ಭಾಗಕ್ಕಿಂತ ಹೆಚ್ಚು ಇಳಿದು ಹೋಯಿತು.

ಸಮತೋಲ ತಪ್ಪದಂತೆ ವಿದ್ಯುತ್ ಇಲಾಖೆಯವರು ಮೊದಲೇ ತಯಾರಾಗಿದ್ದರು. ಜಲವಿದ್ಯುತ್ ಕೇಂದ್ರಗಳಲ್ಲಿ ನೀರು ಬಿಡುವುದನ್ನು ಬೇಗ ಕಡಿಮೆ ಮಾಡಬಹುದು, ಬೇಗ ಹೆಚ್ಚಿಸಬಹುದು. ಕಲ್ಲಿದ್ದಲಿನ ಕೇಂದ್ರದಲ್ಲಿ ಅಷ್ಟು ಬೇಗ ಆಗದು, ಅಲ್ಲಿ ಬಾಯ್ಲರು ಕಾಯಬೇಕು, ಆರಬೇಕು. ಆ ರಾತ್ರಿ ಜಲವಿದ್ಯುತ್ತನ್ನೇ 17,000 ಮೆಗಾವಾಟಿಗೂ ಹೆಚ್ಚು ಇಳಿಸಿ, ಮತ್ತೆ ಏರಿಸಿದರು. ಎಲ್ಲೂ ಗ್ರಿಡ್ ಕೆಡಲಿಲ್ಲ.

ಇದರಿಂದ ತಿಳಿಯುವುದೇನು? ಒಂದು ಮನೆಯ ದೀಪ ಸಣ್ಣದು. ಎಲ್ಲರ ಮನೆ ದೀಪ ಒಟ್ಟಿಗೆ ಸೇರಿದರೆ ಸಣ್ಣದಲ್ಲ. ಹನಿಗೂಡಿದರೆ ಹಳ್ಳ ಅಂತ ಹಿರಿಯರು ಹೇಳಿದ್ದು ಇದನ್ನೇ.

4. ಈಗ ನಮ್ಮ ಟಿ.ಸಿ. ಲೆಕ್ಕ

ನಮ್ಮ ಬೀದಿಯ ಟಿ.ಸಿ. ಮೇಲೆ 25 ಕೆ.ವಿ.ಎ. ಅಂತ ಬರೆದಿದೆ. ಮೇಷ್ಟ್ರು ಬಿಡಿಸಿ ಹೇಳಿದರು: ಅದು ಹೆಚ್ಚೆಂದರೆ 25,000 ವಾಟ್ ತಡೆಯುತ್ತದೆ. ಬೀದಿಯಲ್ಲಿ 60 ಮನೆ. ಸಂಜೆ ಏಳರಿಂದ ಒಂಬತ್ತರವರೆಗೆ ಮನೆಗೆ ಸರಾಸರಿ 500 ವಾಟ್ ಅಂದುಕೊಳ್ಳಿ. ದೀಪ, ಫ್ಯಾನು, ಟಿವಿ, ಕೆಲವರ ಮನೆಯಲ್ಲಿ ಗ್ರೈಂಡರು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲು ಎಲ್ಲಾ ಸೇರಿ.

60 × 500 = 30,000 ವಾಟ್. ಟಿ.ಸಿ.ಗೆ 5,000 ಜಾಸ್ತಿ ಹೊರೆ. ಒಳಗಿನ ಎಣ್ಣೆ ಕಾಯುತ್ತದೆ, ಸುರುಳಿ ತಂತಿ ಸುಡುತ್ತದೆ, ಕಿರುಪರೀಕ್ಷೆ ದಿನ ಕತ್ತಲಾಗುತ್ತದೆ!

ಮನೆಗೆ 150 ವಾಟ್ ಕಡಿಮೆ ಮಾಡಿದರೆ? 60 × 350 = 21,000 ವಾಟ್. ಟಿ.ಸಿ. ಆರಾಮಾಗಿ ಇರುತ್ತದೆ.

ಈಗ ಚಿಕ್ಕಪ್ಪನ "ಅಷ್ಟೇನಾ?" ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತು. ವರ್ಷಕ್ಕೆ ಒಂದು ಗಂಟೆ ಆರಿಸಿದರೆ ಉಳಿಯುವುದು ಸ್ವಲ್ಪವೇ. ಆದರೆ ದಿನಾ ಸಾಯಂಕಾಲ, ಎಲ್ಲರಿಗೂ ಬೇಕಾದ ಹೊತ್ತಿನಲ್ಲಿ, ಬೇಡದ್ದನ್ನು ಎಲ್ಲರೂ ಆರಿಸಿದರೆ ಅದರ ಬೆಲೆ ಬೇರೆ. ಸಂಜೆ ಹೊತ್ತು ಪಾವಗಡದ ದೊಡ್ಡ ಸೋಲಾರ್ ಪಾರ್ಕೂ ವಿದ್ಯುತ್ ಕೊಡುವುದಿಲ್ಲ, ಸೂರ್ಯ ಮುಳುಗಿರುತ್ತಾನೆ. ಆಗ ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು ಇಂಥವೇ ಗತಿ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು.

5. ನಾವು ಮಾಡಿದ್ದು

ನಾವು ಏಳನೇ ತರಗತಿಯ ಆರು ಜನ ಬೀದಿಯ ಮನೆಮನೆಗೆ ಹೋದೆವು. "ಏಳರಿಂದ ಒಂಬತ್ತು ಗ್ರೈಂಡರು, ಇಸ್ತ್ರಿ, ಕಾಯಿಲು ಹಾಕಬೇಡಿ, ಜನ ಇಲ್ಲದ ಕೋಣೆಯ ದೀಪ ಆರಿಸಿ" ಎಂದು ಕೇಳಿದೆವು. 38 ಮನೆಯವರು ಒಪ್ಪಿದರು. ಕೆಲವರು ನಕ್ಕರು. ಒಬ್ಬರು, "ಗೃಹಜ್ಯೋತಿಯಲ್ಲಿ ಕರೆಂಟು ಫ್ರೀ, ಯಾಕೆ ಉಳಿಸ್ಬೇಕು?" ಅಂದರು. ಅದಕ್ಕೆ ಉತ್ತರ ಹೀಗೆ: 2023ರಲ್ಲಿ ಬಂದ ಆ ಯೋಜನೆಯಲ್ಲಿ ನಾವು ಹಿಂದೆ ಬಳಸುತ್ತಿದ್ದ ಸರಾಸರಿಗಿಂತ ಸ್ವಲ್ಪ ಹೆಚ್ಚಿನಷ್ಟು ಮಾತ್ರ ಉಚಿತ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಬಿಲ್ಲು ಸೊನ್ನೆ ಇದ್ದರೂ ಟಿ.ಸಿ.ಗೆ ಹೊರೆ ಸೊನ್ನೆ ಅಲ್ಲ.

ಕೊನೆ ಮನೆ ಅಜ್ಜಿ ಕೇಳಿದ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರ ಇರಲಿಲ್ಲ. "ನಮ್ಮನೇಲಿರೋದೇ ಎರಡು ಬಲ್ಬು ಮಗಾ. ನಾನ್ ಯಾವ್ದು ಆರ್ಸ್ಲಿ?" ಅಂದರು. ನಾವು ನಾಚಿಕೊಂಡು, "ನೀವು ಏನೂ ಆರಿಸಬೇಡಿ ಅಜ್ಜಿ" ಅಂದು ಬಂದೆವು. ಜಾಸ್ತಿ ಇರುವವರು ಮೊದಲು ಆರಿಸಬೇಕು. ಎರಡು ಬಲ್ಬು ಇರುವವರಿಗೆ ಉಳಿತಾಯದ ಪಾಠ ಹೇಳಬಾರದು. ಇದನ್ನು ನಾವು ಅಜ್ಜಿಯಿಂದ ಕಲಿತೆವು.

38 ಮನೆಯವರು ಮಾತ್ರ ಉಳಿಸಿದರೆ ಸಾಕೆ? 38 × 350 = 13,300. ಉಳಿದ 22 × 500 = 11,000. ಒಟ್ಟು 24,300 ವಾಟ್. 25,000ಕ್ಕಿಂತ ಸ್ವಲ್ಪ ಕಡಿಮೆ. ಸಾಕು! ಆದರೆ ಅಂಚಿನಲ್ಲಿದೆ. ಹತ್ತು ಮನೆಯವರು ಮಾತು ಮರೆತರೆ ಮತ್ತೆ ಮೊದಲಿನ ಕತೆಯೇ.

ಇನ್ನೊಂದು ಕೆಲಸ ಬೀದಿ ದೀಪದ್ದು. ನಮ್ಮೂರಿನಲ್ಲಿ 40 ವಾಟಿನ 14 ದೀಪಗಳಿವೆ. ಹಗಲು ಹನ್ನೆರಡು ಗಂಟೆ ಸುಮ್ಮನೆ ಉರಿದರೆ ದಿನಕ್ಕೆ 6.72 ಯೂನಿಟ್, ತಿಂಗಳಿಗೆ 201.6 ಯೂನಿಟ್. ಒಂದು ಮನೆಗೆ ಗೃಹಜ್ಯೋತಿಯಲ್ಲಿ ಹೆಚ್ಚೆಂದರೆ ಸಿಗುವಷ್ಟು ಕರೆಂಟು ಸೂರ್ಯನಿಗೆ ದೀಪ ತೋರಿಸಲು ಹೋಗುತ್ತದೆ! ಕಲ್ಲಿದ್ದಲಿನಲ್ಲಿ ಹೇಳಿದರೆ ಸುಮಾರು 140 ಕಿಲೋ.

ನೀರುಗಂಟಿ ಮಾವನನ್ನು ಕೇಳಿದೆವು. "ನೆನಪಾಗಲ್ಲ ಕಣ್ರೋ, ನೀರು ಬಿಡೋ ಹೊತ್ತಿಗೆ ಹತ್ತಾಗ್ತದೆ" ಅಂದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ನಾವು ಹೇಗೂ ಅವರ ಮನೆ ಮುಂದೆಯೇ ಹೋಗುತ್ತೇವೆ. ಈಗ ದಿನಕ್ಕೊಬ್ಬರ ಸರದಿ, ಹೋಗುವಾಗ "ಮಾವಾ, ದೀಪ!" ಅಂತ ಕೂಗುವುದು. ಮೊದಲೆರಡು ದಿನ ಬೈದರು. ಈಗ ನಾವು ಕೂಗುವ ಮೊದಲೇ ಎದ್ದಿರುತ್ತಾರೆ. ಕಳೆದ 26 ದಿನಗಳಲ್ಲಿ 19 ದಿನ ಏಳು ಗಂಟೆ ಒಳಗೆ ದೀಪ ಆರಿದೆ. ಉಳಿದ 7 ದಿನಗಳಲ್ಲಿ ಮೂರು ದಿನ ಮರೆತದ್ದು ನಾವೇ.

ಮಾಡಿ ನೋಡಿ

ನಿಮ್ಮ ಮನೆ ಮೀಟರಿನ ಕೆಂಪು ದೀಪವನ್ನು ಒಂದು ನಿಮಿಷ ಎಣಿಸಿ. ಎಲ್ಲಾ ಆರಿಸಿದ ಮೇಲೂ ಮಿನುಗಿದರೆ ನಿಮ್ಮ ಮನೆಯ ಕಳ್ಳನನ್ನು ಹುಡುಕಿ. 60 ವಾಟಿನ ಹಳೆ ಬಲ್ಬು ಇದ್ದರೆ 9 ವಾಟಿನ ಎಲ್.ಇ.ಡಿ. ಹಾಕಿಸಿ.

ಎಚ್ಚರಿಕೆ: ಮೀಟರನ್ನು ದೂರದಿಂದ ನೋಡಬೇಕು, ಮುಟ್ಟಬಾರದು. ಕಂಬದ ಪೆಟ್ಟಿಗೆ, ಟಿ.ಸಿ., ಜೋತು ಬಿದ್ದ ತಂತಿ ಹತ್ತಿರ ಹೋಗಲೇಬಾರದು. ತೊಂದರೆ ಇದ್ದರೆ ದೊಡ್ಡವರಿಂದ 1912ಕ್ಕೆ ಫೋನ್ ಮಾಡಿಸಿ. ನೀರುಗಂಟಿ ಮಾವನ ಕೆಲಸ ಅವರೇ ಮಾಡಬೇಕು, ನಾವು ಕೂಗಿದರೆ ಸಾಕು.

ಪ್ರಶ್ನೆಗಳು

1) ನಿಮ್ಮ ಮೀಟರಿನಲ್ಲಿ 3200 ಎಂದಿದ್ದು, ನಿಮಿಷಕ್ಕೆ 16 ಸಲ ಮಿನುಗಿದರೆ ಎಷ್ಟು ವಾಟ್ ಬಳಕೆಯಾಗುತ್ತಿದೆ?
2) ಜಲವಿದ್ಯುತ್ ಕೇಂದ್ರವನ್ನು ಬೇಗ ಏರಿಳಿಸಬಹುದು, ಕಲ್ಲಿದ್ದಲಿನ ಕೇಂದ್ರವನ್ನು ಆಗದು. ಯಾಕೆ?
3) ಒಪ್ಪಿದ 38 ಮನೆಗಳಲ್ಲಿ 10 ಮನೆಯವರು ಮಾತು ಮರೆತರೆ ಟಿ.ಸಿ. ಮೇಲೆ ಹೊರೆ ಎಷ್ಟು?

ಉತ್ತರ ಬರೆದು ಗೋಡೆ ಪತ್ರಿಕೆಯ ಪಕ್ಕದ ಡಬ್ಬಿಗೆ ಹಾಕಿ. ಮುಂದಿನ ತಿಂಗಳು ಸರಿ ಉತ್ತರ ಬರೆಯುತ್ತೇನೆ. ಮುಂದಿನ ವಾರದಿಂದ ಬೆಳಿಗ್ಗೆ ಕೂಗುವ ಸರದಿಗೆ ಇನ್ನೂ ಇಬ್ಬರು ಬೇಕು. ಡೈರಿಗೆ ಹೋಗುವವರು ಹೆಸರು ಕೊಡಿ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ